ಊಟದ ಹೊತ್ತಿನ ಎಂಟು ಹಾಡುಗಳು

ಅಟ್ಟದ ಮೇಲಿನ ಟ್ರಂಕು ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ಕುರಿಯ ಉಣ್ಣೆಯದು. ಮಳೆಗಾಲ ಮುಗಿದು ಒಳ್ಳೆಯ ಬಿಸಿಲು ಬಂದಿತ್ತು, ಒಳಗಿದ್ದದ್ದನ್ನೆಲ್ಲ ಒಮ್ಮೆ ಗಾಳಿಗೆ ಹಾಕೋಣ ಎಂದುಕೊಂಡಿದ್ದೆ. ನನ್ನ ತವರು ಚಳ್ಳಕೆರೆ. ಗಂಡನ ನೌಕರಿಯ ಹಿಂದೆ ಮಂಗಳೂರಿಗೆ ಹೊರಟಾಗ ಅಮ್ಮ ನಾಲ್ಕು ಕಂಬಳಿ ಕಟ್ಟಿಕೊಟ್ಟಿದ್ದಳು. ಈ ಊರಿನ ಸೆಕೆಯಲ್ಲಿ ಕಂಬಳಿ ಹೊದೆಯುವವರು ಯಾರು? ಅವು ಉಪಯೋಗಕ್ಕೆ ಬಂದದ್ದು ಒಂದೇ ಸಲ, ಅದೂ ಹೊದೆಯುವುದಕ್ಕಲ್ಲ. ಬಾಲ್ಕನಿಯ ಹಗ್ಗದ ಮೇಲೆ ಅವನ್ನು ಹರವುತ್ತಾ ನಿಂತಾಗ ಮೇಲಿನ ಮನೆಯ ಅಕ್ಕ ನೆನಪಾದರು...

ಆಗ ನಾವು ಉರ್ವದಲ್ಲಿ, ಮಾರ್ಕೆಟ್ಟಿಗೆ ಹತ್ತಿರದ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದೆವು. ನಮ್ಮ ನೆತ್ತಿಯ ಮೇಲಿನ ಮನೆ ಅವರದು. ನಲವತ್ತು ದಾಟಿದ ಹೆಂಗಸು, ಒಬ್ಬರೇ. ಮದುವೆಯಾಗಿರಲಿಲ್ಲ. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೆಲಸ ಅವರದು. ಬೆಳಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ನಡುವೆ ಸಿಟಿ ಬಸ್ಸು ಹಿಡಿದು ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ನಗುತ್ತಿದ್ದರು, ಅಷ್ಟೇ. ಎರಡು ವರ್ಷ ನಮ್ಮ ಪರಿಚಯ ಆ ನಗುವಿನಲ್ಲೇ ನಿಂತಿತ್ತು.

ಒಂದು ಡಿಸೆಂಬರಿನಲ್ಲಿ ಮಧ್ಯಾಹ್ನದ ಹೊತ್ತು ಮೇಲಿನಿಂದ ಹಾಡು ಕೇಳತೊಡಗಿತು. ಹಾಡು ಎನ್ನುವಂತೆಯೂ ಇರಲಿಲ್ಲ. ಒಂದೇ ಸಾಲು, ಹತ್ತು ಸಲ, ಇಪ್ಪತ್ತು ಸಲ. ವಾದ್ಯವಿಲ್ಲ, ತಾಳವಿಲ್ಲ, ಬರೀ ಗಂಟಲು. ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗಿ ಬೆಳಗಿನಿಂದ ಸಂಜೆಯವರೆಗೆ ಯಂತ್ರಗಳ ಸದ್ದು. ಕೆಲಸಗಾರರು ಊಟಕ್ಕೆ ಕೂರುವ ಒಂದರಿಂದ ಎರಡರ ನಡುವೆ ಮಾತ್ರ ನನ್ನ ಮೂರು ವರ್ಷದ ಮಗಳಿಗೆ ನಿದ್ದೆ ಹತ್ತುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಈ ಸಾಲು. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ಮೇಲೆ ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದ ಅಕ್ಕನ ಮೈಯೆಲ್ಲ ಬೆವರು. ಅವರ ಹಿಂದೆ ಕಿಟಕಿಗಳೆಲ್ಲ ಮುಚ್ಚಿದ್ದವು, ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಲಾಗಿತ್ತು, ಬೆಡ್‌ಶೀಟುಗಳು ಹಗ್ಗದಿಂದ ಇಳಿಬಿದ್ದಿದ್ದವು. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಕೀಬೋರ್ಡು, ಸ್ಟ್ಯಾಂಡಿಗೆ ಸಿಕ್ಕಿಸಿದ ಮೈಕು.

"ಮಗು ಮಲಗುವ ಹೊತ್ತು ಅಕ್ಕ..." ಎಂದೆ. ಸಿಟ್ಟಿನಲ್ಲಿ ಹೋದವಳಿಗೆ ಅಷ್ಟೇ ಹೇಳಲು ಸಾಧ್ಯವಾಯಿತು.

"ಅಯ್ಯೋ, ನಿಮಗೆ ಕೇಳ್ತದಾ? ನನಗೆ ಗೊತ್ತೇ ಇರ್ಲಿಲ್ಲ," ಎಂದು ಅವರು ನಾಚಿಕೊಂಡರು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು ಹೇಳಿದರು: "ಇನ್ನು ಮೂರು ವಾರ ಮಾತ್ರ. ಸ್ವಲ್ಪ ಸುಧಾರಿಸಿಕೊಳ್ಳಿ. ಆಮೇಲೆ ನನಗೆ ಹಾಡ್ಲಿಕ್ಕೆ ಆಗ್ತದಾ ಇಲ್ವಾ, ಡಾಕ್ಟ್ರಿಗೂ ಗೊತ್ತಿಲ್ಲ."

ಮಕ್ಕಳಿಗೆ ಮಾತು ಕಲಿಸುವಾಗ ಮಗುವಿನ ಕೈಯನ್ನು ತಮ್ಮ ಗಂಟಲ ಮೇಲೆ ಇರಿಸಿಕೊಳ್ಳುತ್ತಾರಂತೆ. ಸ್ವರ ಹೊರಟಾಗ ಅಲ್ಲೊಂದು ಕಂಪನ, ಅದನ್ನು ಮಗು ಬೆರಳಿನಿಂದ ತಿಳಿಯುತ್ತದೆ. ಹಾಗೆ ಕೈ ಇಟ್ಟ ಒಂದು ಪುಟ್ಟ ಹುಡುಗಿಯ ಬೆರಳು ದಿನವೂ ಒಂದೇ ಕಡೆ ತಡೆದು ನಿಲ್ಲುತ್ತಿತ್ತು. ಏನೆಂದು ಇವರೂ ಮುಟ್ಟಿ ನೋಡಿಕೊಂಡಾಗ ಸಣ್ಣ ಗಂಟು. ಥೈರಾಯ್ಡಿನ ಗಂಟು, ತೆಗೆಯಲೇಬೇಕು. ಸ್ವರದ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಸ್ವರ ಬದಲಾಗುತ್ತದೆ. ಡಾಕ್ಟರು ಇದನ್ನೆಲ್ಲ ಬಿಡಿಸಿ ಹೇಳಿಯೇ ದಿನ ಗೊತ್ತುಮಾಡಿದ್ದರು.

"ವಾದ್ಯದ್ದೆಲ್ಲ ಆಗಿ ಎರಡು ವರ್ಷ ಆಯ್ತು," ಎಂದು ಕೀಬೋರ್ಡು ತೋರಿಸಿದರು. ಅದು ಅವರ ತಮ್ಮ ದುಬೈಯಿಂದ ತಂದದ್ದು. "ಅದು ಹೆಡ್‌ಫೋನಲ್ಲಿ ಮಾಡುವುದಲ್ವಾ, ಯಾರಿಗೂ ಕೇಳುವುದಿಲ್ಲ. ಹಾಡ್ಲಿಕ್ಕೆ ಬಾಯಿ ಬಿಡಬೇಕಲ್ಲ... ನಾಚಿಕೆ. ನಾಳೆ ನಾಳೆ ಅಂತ ಉಳಿಸಿದೆ ಮಾರಾಯ್ತಿ."

ಅವರು ನನ್ನ ತಲೆಗೆ ಹೆಡ್‌ಫೋನು ಹಾಕಿದರು. ನಾನು ಭಾವಗೀತೆ, ಸಿನಿಮಾ ಹಾಡು ಕೇಳಿ ಬೆಳೆದವಳು. ಇದು ಅದ್ಯಾವುದೂ ಅಲ್ಲ. ಒಂದು ಸ್ವರ ಎಲ್ಲೋ ದೂರದಲ್ಲಿ ಹುಟ್ಟಿ, ಮೆಲ್ಲಗೆ ದಪ್ಪವಾಗಿ, ಇನ್ನೊಂದರೊಳಗೆ ಕರಗುತ್ತಿತ್ತು. ಅಡಿಯಲ್ಲಿ ಯಂತ್ರದ ತಾಳ ಒಂದೇ ಸಮನೆ ನಡೆಯುತ್ತಿತ್ತು. ಕೀಬೋರ್ಡು, ಕಂಪ್ಯೂಟರಿನ ಸ್ವರಗಳಲ್ಲೇ ಕಟ್ಟುವ ಇಂಥ ಹಾಡಿಗೆ ಸಿಂಥ್‌ಪಾಪ್ ಎನ್ನುತ್ತಾರೆ ಎಂದು ಹೇಳಿದವರೂ ಅವರೇ. "ಒತ್ತಿದ ಕೂಡಲೇ ಸ್ವರ ಬರಬಾರದು, ನಿಧಾನ ಬರಬೇಕು. ಬಸ್ಸಲ್ಲಿ ಕಿಟಕಿ ಬದಿ ಕೂತಾಗ ನಿದ್ದೆ ಬರ್ತದಲ್ಲ, ಆದರೆ ಮಾರ್ಗ ಕಾಣ್ತಾ ಇರ್ತದೆ... ಹಾಗೆ ಇರ್ಬೇಕು ನನಗೆ."

ಎಂಟು ಹಾಡುಗಳು. ಎಲ್ಲವೂ ಉರ್ವ ಮತ್ತು ಫಳ್ನೀರಿನ ನಡುವೆ ಬಸ್ಸಿನಲ್ಲಿ ಹೊಳೆದವು, ಸ್ವಲ್ಪ ಕನ್ನಡ, ಸ್ವಲ್ಪ ತುಳು. ಒಂದರಲ್ಲಿ ಹೆಂಗಸೊಬ್ಬಳು ತಾನು ಇಳಿಯಬೇಕಾದ ಕಡೆ ಇಳಿಯದೆ ಕಂಡಕ್ಟರನಿಗೆ ಹೇಳುತ್ತಾಳೆ: "ನಿಲ್ಲಿಸಬೇಡ, ಇನ್ನೊಂದು ಸ್ಟಾಪ್ ಹೋಗ್ತೇನೆ." ನಾನು ಕೆಳಗೆ ಕೂತು ಬೈದುಕೊಂಡ ಸಾಲು ಅದೇ.

ಮರುದಿನ ನಾಲ್ಕು ಕಂಬಳಿಗಳನ್ನೂ ಹೊತ್ತುಕೊಂಡು ಮೇಲೆ ಹೋದೆ. ಅಕ್ಕ ಅವನ್ನು ಮೂಸಿ ನೋಡಿ ಸೀನಿದರು, ಆಮೇಲೆ ಬೆಡ್‌ಶೀಟು ತೆಗೆದು ಅವನ್ನೇ ಇಳಿಬಿಟ್ಟರು. ಚಪ್ಪಾಳೆ ತಟ್ಟಿ, ಸದ್ದು ಗೋಡೆಗೆ ಬಡಿದು ಮರಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಇದು ಎಲ್ಲಿತ್ತು ಇಷ್ಟು ದಿನ?" ಎಂದರು. ಅಂದಿನಿಂದ ನನ್ನ ಮಗಳು ಮಲಗುತ್ತಿದ್ದದ್ದು ಅವರ ಬಾಗಿಲು ಮುಚ್ಚಿದ ಒಳಕೋಣೆಯ ಮಂಚದಲ್ಲಿ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಒತ್ತುವುದು, ನಿಲ್ಲಿಸುವುದು ನನ್ನ ಕೆಲಸ. ಮೀನು ಮಾರುವವನ ಸ್ಕೂಟರ್ ಗಲ್ಲಿಗೆ ತಿರುಗುವುದು ಕಂಡರೆ ಬಾಲ್ಕನಿಯಿಂದ ಕೈ ಆಡಿಸಿ ಹಾರ್ನ್ ಬೇಡ ಎನ್ನುವುದೂ ನನ್ನದೇ. ಒಂದು ದಿನ ನಾನು ತಡಮಾಡಿದೆ. ನಾಲ್ಕನೆಯ ಹಾಡಿನ ನಡುವೆ ಹಾರ್ನು ಬಿತ್ತು. ಅಳಿಸೋಣವೇ ಎಂದೆ. "ಇರ್ಲಿ, ಶ್ರುತಿಯಲ್ಲೇ ಉಂಟು," ಎಂದು ಅಕ್ಕ ನಕ್ಕರು.

ಆ ಮೂರು ವಾರದಲ್ಲಿ ನಮ್ಮ ನಡುವಿನ "ನೀವು" ಹೋಗಿ ಅವರು ನನ್ನನ್ನು "ನೀನು" ಎನ್ನತೊಡಗಿದ್ದರು. ಹೆದರಿಕೆಯ ಮಾತು ಅವರು ಆಡಿದ್ದು ಒಮ್ಮೆ ಮಾತ್ರ. "ಹಾಡದಿದ್ರೆ ಪರ್ವಾಗಿಲ್ಲ. ಮಾತೇ ಹೋದ್ರೆ ಆ ಮಕ್ಕಳಿಗೆ ನಾನು ಎಂತ ಕಲಿಸುವುದು?"

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಉಳಿದಿದ್ದದ್ದು ಎಂಟನೆಯ ಹಾಡು. ಒಂದು ಗಂಟೆಯಾದರೂ ಪಕ್ಕದ ಸೈಟಿನ ಸದ್ದು ನಿಲ್ಲಲಿಲ್ಲ. ಒಂದೂಕಾಲು, ಒಂದೂವರೆ. ಅಕ್ಕ ಮೈಕಿನ ಮುಂದೆ ಕೈಕಟ್ಟಿ ನಿಂತೇ ಇದ್ದರು. ನಾನು ಕೆಳಗಿಳಿದು ಸೈಟಿಗೆ ಹೋದೆ. ಅಲ್ಲಿ ಸ್ಲ್ಯಾಬಿಗೆ ಕಾಂಕ್ರೀಟು ಹಾಕುತ್ತಿದ್ದರು. ಹಳದಿ ಟೋಪಿಯ ಮೇಸ್ತ್ರಿಗೆ ಏನೆಂದು ಹೇಳುವುದು? ಇದ್ದದ್ದನ್ನೇ ಹೇಳಿದೆ. ಮೇಲಿನ ಮನೆಯವರಿಗೆ ನಾಳೆ ಗಂಟಲಿನ ಆಪರೇಷನ್, ಇವತ್ತು ಒಂದು ಹಾಡು ಹಾಡಿ ಮುಗಿಸಬೇಕು ಎಂದೆ.

ಅವನು ನನ್ನನ್ನೇ ನೋಡಿದ. "ಹಾಕ್ತಾ ಇರುವಾಗ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಮೇಡಂ, ಸ್ಲ್ಯಾಬ್ ಹಾಳಾಗ್ತದೆ," ಎಂದ. ನಾನು ತಿರುಗಿದಾಗ ಕರೆದ. "ಈ ಲೋಡ್ ಖಾಲಿಯಾದ್ರೆ ಇನ್ನೊಂದು ಲಾರಿ ಬರ್ಲಿಕ್ಕೆ ಹದಿನೈದು ನಿಮಿಷ ಉಂಟು. ನಾನು ಟೋಪಿ ತೆಗೆದು ತೋರಿಸ್ತೇನೆ. ಆಗ ಹಾಡ್ಲಿಕ್ಕೆ ಹೇಳಿ."

ಬಾಲ್ಕನಿಯ ಗಾಜಿನ ಬಾಗಿಲ ಹಿಂದೆ ನಿಂತು ಕಾದೆ. ಎರಡಕ್ಕೆ ಸ್ವಲ್ಪ ಮುಂಚೆ ಹಳದಿ ಟೋಪಿ ಮೇಲೆದ್ದಿತು. ಯಂತ್ರಗಳು ಒಂದೊಂದಾಗಿ ನಿಂತವು. ಓಡಿಬಂದು ರೆಕಾರ್ಡ್ ಒತ್ತಿದೆ. ಅಕ್ಕ ಕಣ್ಣುಮುಚ್ಚಿ ಹಾಡಿದರು. ತಪ್ಪಿದರೆ ಮತ್ತೊಂದು ಸಲ ಎನ್ನುವುದಿರಲಿಲ್ಲ, ತಪ್ಪಲೂ ಇಲ್ಲ. ಅವರ ಸ್ವರ ಅಷ್ಟು ಸಲೀಸಾಗಿ ಮೇಲೇರುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹಾಡು ಮುಗಿದಾಗ ರೆಕಾರ್ಡ್ ನಿಲ್ಲಿಸಬೇಕೆಂಬುದೂ ಮರೆತು ಕೂತುಬಿಟ್ಟಿದ್ದೆ...

ಗಂಟು ಪೂರ್ತಿ ಹೋಯಿತು. ಜೀವಕ್ಕೆ ತೊಂದರೆಯಿಲ್ಲ ಎಂದರು. ಆದರೆ ಸ್ವರ ಮರಳಲಿಲ್ಲ. ಯಾರ ತಪ್ಪೂ ಅಲ್ಲ, ಗಂಟು ನರಕ್ಕೆ ಅಂಟಿಕೊಂಡಿತ್ತು. ಮೊದಲು ಬರೀ ಉಸಿರು, ತಿಂಗಳುಗಳ ಮೇಲೆ ಒಂದು ಒರಟು, ತಗ್ಗಿನ ದನಿ. ಆ ದನಿಯಲ್ಲೇ ಕ್ಲಿನಿಕ್ಕಿಗೆ ಹೋದರು. ಹೇಗಾಗುತ್ತಿದೆ ಎಂದು ಕೇಳಿದೆ. "ಮಕ್ಕಳು ಮೊದಲಿನ ಹಾಗೇ ಗಂಟಲಿಗೆ ಕೈ ಇಡ್ತಾರೆ. ನಡುಕ ಉಂಟಲ್ಲ, ಅವರಿಗೆ ಅದು ಸಾಕು," ಎಂದರು.

ಮಧ್ಯಾಹ್ನಗಳಲ್ಲಿ ಹೆಡ್‌ಫೋನು ಹಾಕಿಕೊಂಡು ಹಾಡುಗಳನ್ನು ತಿದ್ದುತ್ತಿದ್ದರು. ಸ್ವಂತದ ಹಳೆಯ ಸ್ವರವನ್ನು ದಿನವೂ ಕೇಳುವುದು ಸಂಕಟವಲ್ಲವೇ ಎಂದರೆ, "ಬೇರೆ ಯಾರೋ ಹಾಡಿದ್ದು ಅಂತ ಇಟ್ಟುಕೊಂಡಿದ್ದೇನೆ. ಲಾಯ್ಕ ಹಾಡ್ತಾಳೆ ಹುಡುಗಿ," ಎಂದು ಗಲ್ಲ ಎತ್ತಿ ಲ್ಯಾಪ್‌ಟಾಪಿನ ಪರದೆ ತೋರಿಸಿದರು.

ಆಲ್ಬಂ ಮುಗಿದು ಇಂಟರ್ನೆಟ್ಟಿಗೆ ಹೋಯಿತು. ಹೆಸರು 'ಇನ್ನೊಂದು ಸ್ಟಾಪ್'. ಹಾಡಿದವರ ಹೆಸರು ಹಾಕಿರಲಿಲ್ಲ, ನೆಂಟರು ಯಾರಿಗೂ ಹೇಳಿರಲಿಲ್ಲ. ನನಗೆ ವಾಟ್ಸಾಪಿನಲ್ಲಿ ಲಿಂಕು ಬಂತು. "ಪುರುಸೊತ್ತಲ್ಲಿ ಕೇಳು. ಮೊದಲಿಂದ ಕೊನೆತನಕ, ಒಮ್ಮೆಗೇ."

ನಾನು ಕೇಳಲಿಲ್ಲ. ಅದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಒಂದೊಂದು ಸಾಲನ್ನೂ ನೂರು ಸಲ ಕೇಳಿದ್ದೇನಲ್ಲ ಎಂದುಕೊಂಡೆ. ಮಗಳಿಗೆ ಜ್ವರ ಬಂತು, ಅವಳ ಶಾಲೆ ಶುರುವಾಯಿತು... ಹತ್ತು ದಿನ ಬಿಟ್ಟು ಮೆಟ್ಟಿಲಲ್ಲಿ ಅಕ್ಕ ನಿಲ್ಲಿಸಿ, "ಕೇಳಿದೆಯಾ?" ಎಂದರು.

"ಕೇಳಿದೆ ಅಕ್ಕ, ತುಂಬ ಚೆನ್ನಾಗಿದೆ."

"ಪೂರ್ತಿ?"

"ಪೂರ್ತಿ."

ಇನ್ನೂ ಏನೋ ಹೇಳುತ್ತೇನೆಂದು ಅವರು ಕಾದರು. ನಾನು ನಕ್ಕೆ. "ಸರಿ," ಎಂದು ಮೆಟ್ಟಿಲು ಹತ್ತಿದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಒಡನಾಟವೇನೂ ಕಡಿಮೆಯಾಗಲಿಲ್ಲ, ಮಗಳ ಹುಟ್ಟುಹಬ್ಬಕ್ಕೆ ಬರುತ್ತಿದ್ದರು, ಹಬ್ಬಕ್ಕೆ ಕೆಸುವಿನೆಲೆಯ ಪತ್ರೊಡೆ ಕಳಿಸುತ್ತಿದ್ದರು. ಮೂರು ವರ್ಷದ ಮೇಲೆ ಅವರಿದ್ದ ಮನೆಯನ್ನು ಮಾಲೀಕರು ಮಾರಿದಾಗ ಬಿಕರ್ನಕಟ್ಟೆಯ ತಂಗಿಯ ಮನೆಗೆ ಹೋದರು. ನಾನು ಬರುತ್ತೇನೆ ಬರುತ್ತೇನೆ ಎನ್ನುತ್ತಲೇ ಇದ್ದೆ.

ಹೋದ ವರ್ಷ ಆ ತಂಗಿಯ ಫೋನು ಬಂತು. ಅಕ್ಕನಿಗೆ ಹೃದಯಾಘಾತ, ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಸಿಗಲಿಲ್ಲವಂತೆ. ಹದಿಮೂರನೆಯ ದಿನದ ಊಟಕ್ಕೆ ಹೋದೆ. ಜನ ಕರಗಿದ ಮೇಲೆ ತಂಗಿ ನನ್ನ ಪಕ್ಕ ಬಂದು ಕೂತರು. "ಅಕ್ಕನ ಮೊದಲಿನ ಸ್ವರ ನಿಮಗೆ ನೆನಪುಂಟಾ? ಎಷ್ಟು ಯೋಚನೆ ಮಾಡಿದ್ರೂ ನನಗೆ ಬರುವುದಿಲ್ಲ. ಒಂದು ವೀಡಿಯೊ ಸಹ ಇಲ್ಲ ನಮ್ಮಲ್ಲಿ."

ಮನೆಗೆ ಬಂದು ವಾಟ್ಸಾಪನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಹಬ್ಬದ ಶುಭಾಶಯ, ನೀರು ಬರಲಿಲ್ಲ ಎಂಬ ದೂರುಗಳನ್ನೆಲ್ಲ ದಾಟಿ ಆ ಲಿಂಕು ಸಿಕ್ಕಿತು. ಗಂಡ, ಮಗಳು ಹೊರಗೆ ಹೋಗಿದ್ದರು. ಕೂತು ಮೊದಲಿನಿಂದ ಕೇಳಿದೆ, ಒಮ್ಮೆಗೇ. ನಾನು ತುಂಡುತುಂಡಾಗಿ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಂದು ಹಾಡು ಮುಗಿದದ್ದು, ಇನ್ನೊಂದು ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಎಂಟನೆಯದು ನಿಂತ ಮೇಲೆಯೂ ರೆಕಾರ್ಡಿಂಗು ಓಡುತ್ತಲೇ ಇತ್ತು. ಕೆಲವು ಕ್ಷಣ ಬರೀ ಕೋಣೆಯ ಮೌನ. ಆಮೇಲೆ ಅಕ್ಕನ ಮಾತು, ಆಪರೇಷನ್ನಿಗೆ ಮುಂಚಿನ ಆ ತಿಳಿಯಾದ ದನಿಯಲ್ಲಿ:

"ಊಟ ಆಯ್ತಾ ನಿನ್ನದು?"

"ಇಲ್ಲ ಅಕ್ಕ." ಅದು ನನ್ನ ದನಿ.

"ಬಾ, ಬಡಿಸ್ತೇನೆ."

ಅಲ್ಲಿಗೆ ಆಲ್ಬಂ ಮುಗಿಯುತ್ತದೆ. ಮೂರು ಮಾತನ್ನು ಅಳಿಸುವುದು ಅವರಿಗೆ ಕ್ಷಣದ ಕೆಲಸವಾಗಿತ್ತು, ಅಳಿಸಿರಲಿಲ್ಲ. ಕೇಳಿದವಳಾಗಿದ್ದರೆ ಅಂದು ಮೆಟ್ಟಿಲಲ್ಲಿ ನಾನು ಮೊದಲು ಎತ್ತುತ್ತಿದ್ದದ್ದು ಇದನ್ನೇ. ನಾನು ಸುಳ್ಳು ಹೇಳಿದ್ದು ಅವರಿಗೆ ಅಂದೇ ತಿಳಿದಿತ್ತು.

ವಾರದೊಳಗೆ ಬಿಕರ್ನಕಟ್ಟೆಗೆ ಹೋಗಿ ತಂಗಿಯ ಕಿವಿಗೆ ಇಯರ್‌ಫೋನು ಹಾಕಿದೆ. ಅವರು ಕೊನೆತನಕ ಅಲುಗಾಡದೆ ಕೇಳಿದರು. "ಉತ್ತರ ಕೊಟ್ಟದ್ದು ನೀವಾ?" ಎಂದರು.

"ಹೌದು. ಆದರೆ ಅವರಿರುವಾಗ ನಾನಿದನ್ನು ಕೇಳಲೇ ಇಲ್ಲ. ಕೇಳಿದೆ ಅಂತ ಸುಳ್ಳು ಹೇಳಿದ್ದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದೇ ಮನೆಯಲ್ಲಿ ಇದ್ದೆವು, ಅಕ್ಕ ಹಾಡ್ತಿದ್ದಳು ಅಂತ ನನಗೆ ಗೊತ್ತೇ ಇರ್ಲಿಲ್ಲ. ನಿಮ್ಮ ತಪ್ಪು ದೊಡ್ಡದಾ, ನನ್ನದು ದೊಡ್ಡದಾ..." ಎಂದರು. ಆಮೇಲೆ ಮತ್ತೊಮ್ಮೆ ಹಾಕಲು ಹೇಳಿದರು. ಈ ಸಲ ಇಯರ್‌ಫೋನಿನ ಒಂದು ತುದಿ ಅವರ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಆ ಹಾಡುಗಳ ಬಗ್ಗೆ ನನಗೀಗ ಹೇಳಲು ತುಂಬ ಇದೆ. ಮೂರನೆಯದರಲ್ಲಿ ತಾಳ ಯಾಕೆ ನಿಲ್ಲುತ್ತದೆ, ಆರನೆಯದರ ತುಳು ಸಾಲಿಗೆ ಏನರ್ಥ ಎಂದು ಕೇಳಬೇಕಿದೆ. ತಂಗಿ ತಮಗೆ ತಿಳಿದಷ್ಟು ಹೇಳುತ್ತಾರೆ. ತಿಳಿಯದ ಕಡೆ ಇಬ್ಬರೂ ಆ ಹಾಡನ್ನು ಮತ್ತೊಮ್ಮೆ ಹಾಕಿ ಕೇಳುತ್ತೇವೆ.