ಹೋಲಿಕೆಗೆ ಬಿಟ್ಟ ಊರು

ಧಾರವಾಡದ ನಮ್ಮ ಕಚೇರಿಯಲ್ಲಿ ನವಲಗುಂದ ತಾಲೂಕಿನ ನಕಾಶೆ ಹಾಸಿಕೊಂಡು ನಾವು ಎರಡು ಊರು ಹುಡುಕುತ್ತಿದ್ದೆವು. ಎರಡೂ ಒಂದೇ ತೆರನಾಗಿರಬೇಕಿತ್ತು. ಎರಡರಲ್ಲೂ ಎರೆಭೂಮಿ, ಎರಡರಲ್ಲೂ ಬಾವಿ ನೀರು ಉಪ್ಪು, ಎರಡೂ ಊರಿನ ಹೆಂಗಸರು ಕುಡಿಯುವ ನೀರಿಗೆ ಕೆರೆಗೇ ಇಳಿದು ಕೊಡ ಮುಳುಗಿಸಬೇಕು. ಆ ನೀರು ಕುಡಿದವರಿಗೆ ಮುಂದಿನ ಬೇಸಗೆಗೆ ಕಾಲಲ್ಲಿ ಹುಣ್ಣೆದ್ದು ದಾರದಂಥ ಹುಳ ಹೊರಬರುತ್ತಿತ್ತು. ನಾರುಹುಣ್ಣು ಅನ್ನುತ್ತಿದ್ದರು. ಕೆರೆಯ ದಂಡೆಗೆ ನೀರು ಸೋಸುವ ಬಾವಿ ಕಟ್ಟಿ ಕೈಪಂಪು ಕೂಡಿಸುವುದು ಯೋಜನೆ. ದುಡ್ಡು ಹೊರದೇಶದ್ದು. ಎಪ್ಪತ್ತರ ದಶಕ, ನಾನು ಆಗಷ್ಟೇ ಎಂ.ಎ. ಮುಗಿಸಿ ಸೇರಿದ್ದೆ.

ದುಡ್ಡು ಇದ್ದದ್ದು ಒಂದೇ ಊರಿಗೆ. ಮತ್ತೆ ಎರಡನೆಯದು ಯಾಕೆಂದರೆ ಹೋಲಿಸಿ ನೋಡಲಿಕ್ಕೆ. ಹುಣ್ಣು ಕಡಿಮೆಯಾದದ್ದು ಪಂಪಿನಿಂದಲೇ ಎಂದು ತೋರಿಸಲು ಪಂಪಿಲ್ಲದ ಊರೊಂದು ಬೇಕಲ್ಲ! ಯಾರ ಪಕ್ಷಪಾತವೂ ಬೇಡವೆಂದು ಕಚೇರಿಯ ಸಾಹೇಬರು ಎರಡು ಚೀಟಿ ಬರೆದು ಒಂದನ್ನು ಎತ್ತಿದರು. ಅಣ್ಣಿಗೇರಿ ಕಡೆಯ ಊರಿಗೆ ಪಂಪು. ಮೊರಬದ ಬಾಜುವಿನ ಊರು ಹೋಲಿಕೆಗೆ. ಆಮೇಲೆ ಚಹಾ ಬಂತು, ಕುಡಿದೆವು.

"ಆ ಊರಿಗಿ ಆಮ್ಯಾಲರ ಕೊಡ್ತಾರೇನ್ರಿ?" ಎಂದು ಕೇಳಿದೆ.

"ರೊಕ್ಕ ಎಲ್ಲೈತಿ?" ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ಅವರ ಕೈಯಲ್ಲೂ ಏನೂ ಇರಲಿಲ್ಲ. "ನೀವು ಅಲ್ಲಿ ಬರ್ತದಂತನೂ ಹೇಳಬ್ಯಾಡ್ರಿ, ಬರೂದಿಲ್ಲಂತನೂ ಹೇಳಬ್ಯಾಡ್ರಿ. ಮಂದಿ ಉತ್ತರ ಕೆಡತಾವ."

ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡುವುದು, ಮರುವಾರ ಮೊದಲ ಸುತ್ತಿನ ಸಮೀಕ್ಷೆಗೆ ಮೊರಬದ ಬಸ್ಸು ಹತ್ತಿದೆ.

ಬೇಸಗೆಯ ದಿನ, ಹೊಲವೆಲ್ಲ ಬಿರುಕು ಬಿಟ್ಟಿತ್ತು. ಊರ ನಡುವಿನ ಒಂದು ಮನೆಗೆ ಹೋದಾಗ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ನೆಂಟರು ಕೂತಿದ್ದರು. ಆ ಮನೆಯ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದಿದ್ದರು. ಇನ್ನೊಮ್ಮೆ ಬರುತ್ತೇನೆ ಎಂದರೆ ಹುಡುಗನ ತಾಯಿ ನನ್ನ ಕೈ ಹಿಡಿದು ಎಳೆದೇ ಕೂರಿಸಿದಳು. ಎತ್ತರದ ಹೆಂಗಸು, ಹಣೆತುಂಬ ವಿಭೂತಿ, ಮಾತಿನಲ್ಲಿ ಜೋರು. ನಾನು ಅಲ್ಲಿರುವುದೇ ಆಕೆಗೆ ಬೇಕಾಗಿತ್ತೆಂದು ಆಮೇಲೆ ತಿಳಿಯಿತು. ನಾರಿನ ಊರೆಂದು ಆ ಊರಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಆಕೆಯ ಮಗನ ವಯಸ್ಸಿನವರು ಎಷ್ಟೋ ಜನ ಹಾಗೇ ಉಳಿದಿದ್ದರು.

ಬಂದದ್ದು ಬಂದೆ ಎಂದು ಪ್ರಶ್ನೆ ಕೇಳುತ್ತ ಹೋದೆ. ಎಷ್ಟು ಜನ, ಎಷ್ಟು ಎತ್ತು, ನೀರು ಎಲ್ಲಿಂದ. ಕೊನೆಗೆ ಅದೂ ಬಂತು.

"ಮನ್ಯಾಗ ಯಾರಿಗರ ನಾರುಹುಣ್ಣ ಆಗೇತೇನ್ರಿ, ಅವ್ವಾರ?"

ನೆಂಟರೆಲ್ಲ ಆಕೆಯ ಕಡೆ ತಿರುಗಿದರು. ಮಗ ಗೋಡೆಗೆ ಒರಗಿ ಕೂತಿದ್ದ, ಧೋತರದೊಳಗೆ ಒಂದು ಕಾಲು ಮಡಚಿಕೊಂಡಿದ್ದ. ಪಾದಕ್ಕೆ ಸುತ್ತಿದ ಅರಿವೆಯ ತುದಿ ನನಗೆ ಕಾಣುತ್ತಿತ್ತು.

"ಇಲ್ರಿ ಅಕ್ಕಾರ," ಎಂದಳು ಆಕೆ, ನನ್ನ ಕಣ್ಣನ್ನೇ ನೋಡುತ್ತ. "ನಾವು ನೀರು ಸೋಸಿ ಕುಡಿಯೂ ಮಂದಿ. ಯಾರಿಗೂ ಇಲ್ಲ. ಇವನ ಕಾಲು ಎತ್ತು ತುಳಿದೈತಿ."

ಹೇಳಿದ್ದನ್ನೇ ಬರೆಯಬೇಕು, ಅದು ನಮ್ಮ ನಿಯಮ. ಬರೆದುಕೊಂಡೆ. ಆಗ ಹುಡುಗಿಯ ತಂದೆ ನನ್ನತ್ತ ತಿರುಗಿದ.

"ಈ ಊರಿಗಿ ಛಲೋ ನೀರು ಬರ್ತಾವಂತ ಹೌದೇನ್ರಿ ಬಾಯಾರ? ಅದನ್ನ ಕೇಳಿ ಬಂದೀವಿ ನಾವು."

ಸಾಹೇಬರ ಮಾತು ನೆನಪಾಯಿತು. ಒಳಬಾಗಿಲ ಹತ್ತಿರ ನಿಂತ ತಾಯಿಯ ಮುಖವೂ ಕಂಡಿತು. ಕಾಣದ ಹುಡುಗಿಯೊಬ್ಬಳು ಆ ಕೆರೆಗೆ ಇಳಿಯುವುದೂ ಕಣ್ಣಿಗೆ ಕಟ್ಟಿತು. ಹಾಳಾಗಿ ಹೋಗಲಿ ನಿಯಮ ಅನಿಸಿತು.

"ಇಲ್ರಿ," ಎಂದೆ. "ನಾವು ಬರೇ ಬರಕೊಳ್ಳಾಕ ಬಂದೀವಿ. ನೀರಿನ ಕೆಲಸ ಈ ಊರಾಗ ಆಗೂದಿಲ್ಲ."

ತಾಯಿ ಒಂದು ಹೆಜ್ಜೆ ಮುಂದೆ ಬಂದಳು. ಆ ತಂದೆ ಮಾತ್ರ ಹೊಟ್ಟೆ ಕುಣಿಸಿ ನಕ್ಕ.

"ಚಾಷ್ಟಿ ಮಾಡ್ತಾರ ಬಾಯಾರು. ಅಳತಿ ತಗೊಂಡ ಸಿಂಪಿಗ್ಯಾ ಅಂಗಿ ಹೊಲೀಲಾರದ ಬಿಡ್ತಾನೇನ್ರಿ? ಧಾರವಾಡದಿಂದ ಬಿಸಲಾಗ ಯಾರರ ಸುಮ್ಮ ಬರ್ತಾರ?"

ಮತ್ತೊಮ್ಮೆ ಹೇಳಿದೆ. ಮತ್ತೊಮ್ಮೆ ನಕ್ಕರು. ಅಷ್ಟು ಖರೆ ಮಾತನ್ನು ನಾನು ಅಲ್ಲಿಯವರೆಗೆ ಯಾವ ಊರಲ್ಲೂ ಆಡಿರಲಿಲ್ಲ, ಒಬ್ಬರೂ ನಂಬಲಿಲ್ಲ. ಸಂಬಂಧದ ಮಾತು ಮುಗಿದು ಸಕ್ಕರೆ ಹಂಚಿದರು, ನನ್ನ ಅಂಗೈಗೂ ಹಾಕಿದರು. ತಿನ್ನದೆ ಇನ್ನೇನು ಮಾಡಲಿ.

ಕೆಲವು ವರ್ಷ ಕಳೆದು ಎರಡನೆಯ ಸುತ್ತಿನ ಸಮೀಕ್ಷೆಗೆ ನನ್ನನ್ನೇ ಕಳಿಸಿದರು. ಅಣ್ಣಿಗೇರಿ ಕಡೆಯ ಊರಲ್ಲಿ ಪಂಪಿನ ಸುತ್ತ ಕಟ್ಟೆ ಕಟ್ಟಿದ್ದರು, ಹುಣ್ಣಿನವರನ್ನು ಹುಡುಕಬೇಕಾಯಿತು. ಮೊರಬದ ಬಾಜುವಿನ ಊರಲ್ಲಿ ಅದೇ ಕೆರೆ, ಅದೇ ಕೊಡಗಳು.

ಆ ಮನೆಯ ಕಟ್ಟೆಯ ಮೇಲೆ ಸೊಸೆ ಕಾಲು ಚಾಚಿ ಕೂತಿದ್ದಳು. ಪಾದದ ಗಾಯದಿಂದ ಹೊರಬಂದ ಹುಳವನ್ನು ಕಸಬರಿಗೆ ಕಡ್ಡಿಗೆ ಸುತ್ತಿ ಅರಿವೆ ಕಟ್ಟಿಕೊಂಡಿದ್ದಳು. ದಿನಕ್ಕೆ ಸ್ವಲ್ಪ ಸುತ್ತಬೇಕು, ಜಗ್ಗಿದರೆ ಹರಿಯುತ್ತದೆ. ಅತ್ತೆ ನನ್ನನ್ನು ಕಂಡವಳೇ ಒಳಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಆ ಜೋರು ಇರಲಿಲ್ಲ.

"ಊರ ನೀರ ನಾನ ಕಳದೆ, ಅಕ್ಕಾರ."

ನನಗೆ ಅರ್ಥವಾಗಲಿಲ್ಲ.

"ಅವತ್ತ ನಮ್ಮ ಮನ್ಯಾಗ ನಾರ ಇಲ್ಲ ಅಂದ್ನೆಲ್ರಿ. ಮಗನ ಕಾಲು ಮುಚ್ಚಿಸಿ ಹೇಳಿದೆ. ಇವರಿಗೆ ಬ್ಯಾನಿ ಇಲ್ಲ ಅಂತ ತಿಳದು ನೀರು ಆ ಊರಿಗಿ ಕೊಟ್ರು. ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾ. ಈ ಹುಡುಗಿ ಕಾಲು ನೋಡಿದಾಗೊಮ್ಮೆ ಅದ ನೆನಪಾಗ್ತದ."

ನಾನು ಆಕೆಯ ಎರಡೂ ಕೈ ಹಿಡಿದು ಕೂತೆ. ನೀವು ಏನು ಹೇಳಿದ್ದರೂ ಅಷ್ಟೇ, ನಾನು ನಿಮ್ಮ ಹೊಸ್ತಿಲು ತುಳಿಯುವ ಮೊದಲೇ ಯಾವ ಊರಿಗೆಂದು ನಿಕ್ಕಿಯಾಗಿತ್ತು, ಚೀಟಿ ಎತ್ತಿದ್ದರು ಎಂದೆ. ಎರಡು ಊರು ಯಾಕೆ ಬೇಕಿತ್ತೆಂಬುದನ್ನೂ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ," ಎಂದಳು. "ಚೀಟಿ ಎತ್ತಿ ಯಾರರ ಕುಡಿಯೂ ನೀರು ಕೊಡ್ತಾರೇನ್ರಿ?"

ಆಕೆ ಎದ್ದು ಬಾಗಿಲು ತೆರೆದು ಎಲ್ಲರನ್ನೂ ಕರೆದಳು. ಮಗ ಬಂದ, ಮೈದುನ ಬಂದ, ಪಕ್ಕದ ಮನೆಯವರೂ ಕುಂಟುತ್ತ ಬಂದರು. ಅರಿವೆ ಬಿಚ್ಚಿ ತೋರಿಸಿರಿ, ಯಾರೂ ನಾಚಬೇಡಿರಿ ಎಂದು ಒಬ್ಬೊಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದಳು. "ಬರಕೋರಿ ಅಕ್ಕಾರ, ಈ ಸಲ ಒಂದೂ ಮುಚ್ಚೂದಿಲ್ಲ."

ಯೋಜನೆ ಆ ತಿಂಗಳಿಗೆ ಮುಗಿಯುತ್ತಿತ್ತು. ಇನ್ನು ಯಾವ ಊರಿಗೂ ಏನೂ ಬರುವುದಿರಲಿಲ್ಲ. ಅದನ್ನೂ ಹೇಳಿದೆ. ಆಕೆ ಕೈಯಾಡಿಸಿ, ಬರೆಯಿರಿ ಬರೆಯಿರಿ ಎಂದಳು. ಬರೆದೆ. ಎಲ್ಲರದೂ ಮುಗಿದ ಮೇಲೆ ಆಕೆ ತಾನೇ ಬಂದು ಕೂತು ಸೀರೆಯನ್ನು ಮೊಣಕಾಲ ತನಕ ಸರಿಸಿದಳು. ಮೀನಖಂಡದ ಮೇಲೆ ಮಾಗಿದ ಕಲೆ ಇತ್ತು, ಮದುವೆಯಾಗಿ ಬಂದ ಮರುವರ್ಷದ್ದಂತೆ.

"ಹಳೇದೂ ಲೆಕ್ಕಕ್ಕ ಬರ್ತದೇನ್ರಿ?"

ಹಳೆಯ ಹುಣ್ಣಿಗೆ ನಮ್ಮ ಕಾಗದದಲ್ಲಿ ಜಾಗವೇ ಇರಲಿಲ್ಲ. ಬರ್ತದ್ರಿ ಎಂದೆ.