ಬಾಯಿ ಬಿಡದ ಪೆಟ್ಟಿಗೆ

ಹಾವು ಕಂಡರೂ ಹೆದರದ ನಾನು ಕಂಪ್ಯೂಟರಿನ ಒಂದು ಸಾಲಿಗೆ ಹೆದರಿದೆ ಎಂದರೆ ನೀವು ನಗುತ್ತೀರಿ. ‘ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ.’ ಕಳೆದ ವಾರ ಪರದೆಯ ಮೇಲೆ ಬಂದ ಸಾಲು ಅದು.

ನಮ್ಮ ಇಮೇಲ್ ಪತ್ರಗಳು ಇನ್ಯಾರದೋ ಮನೆಯಲ್ಲಿ ಯಾಕಿರಬೇಕು ಎಂಬ ಜಂಬದಿಂದ ಕನಕಪುರದ ನಮ್ಮ ಮನೆಯಲ್ಲೇ ಅವನ್ನು ಕೂಡಿಡುವ ಮೇಲ್ ಸರ್ವರ್ ಇಟ್ಟವನು ನಾನು. ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದು ರಾಗಿ ಡ್ರಮ್ಮಿನ ಪಕ್ಕ ಗುಂಯ್‌ಗುಡುತ್ತ ಕೂತಿದೆ. ಬಂದ ಮೇಲ್ ಓದುವ ತಂತ್ರಾಂಶ ಇರುವುದು ನನ್ನ ಮೇಜಿನ ಕಂಪ್ಯೂಟರಿನಲ್ಲಿ. ಅದು ತಾನಾಗಿಯೇ ಅಪ್‌ಡೇಟ್ ಆಯಿತು. ಪೆಟ್ಟಿಗೆ ಮಾತ್ರ ಹಳೆಯ ಕಾಲದ ಭದ್ರತೆಯಲ್ಲೇ ಉಳಿದಿತ್ತು. ಹೊಸದು ಹಳೆಯದನ್ನು ನಂಬಲೊಲ್ಲದು. ಮುನಿಸಿಕೊಂಡ ನೆಂಟರಂತೆ ಎರಡೂ ಮುಖ ತಿರುಗಿಸಿ ಕೂತವು.

ಅದೇ ದಿನ ಲ್ಯಾಬಿನಿಂದ ಮೊಬೈಲಿಗೆ ಸಂದೇಶ ಬಂತು: ಅವ್ವನ ಕುತ್ತಿಗೆಯ ಗಂಟಿನ ರಿಪೋರ್ಟ್ ಇಮೇಲ್ ಮಾಡಿದ್ದೇವೆ.

ಫೋನ್ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು, ಕೇಳಲಿಲ್ಲ. ಪೆಟ್ಟಿಗೆ ತೆರೆಯದಿದ್ದರೆ ಎಂಬುದು ಒಂದು ಭಯವಾದರೆ, ತೆರೆದೇಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡದು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ, ಧೂಳು ಒರೆಸಿದೆ, ಪಾಸ್‌ವರ್ಡನ್ನು ಮತ್ತೆ ಮತ್ತೆ ಕೊಟ್ಟೆ. ಸರ್ವರನ್ನೇ ಹೊಸದು ಮಾಡಬೇಕೆಂದು ಗೊತ್ತಿತ್ತು. ಮಾಡುವಾಗ ಒಳಗಿನ ರಿಪೋರ್ಟೇ ಅಳಿಸಿಹೋದರೆ? ಹೋದರೆ ಹೋಗಲಿ ಎಂದೂ ಮನಸ್ಸು ಪಿಸುಗುಟ್ಟಿತು. ನನಗೇ ಹೇಸಿಗೆಯಾಯಿತು.

“ಏನ್ಲಾ ಮಗ, ಅದಿನ್ನೂ ಬಾಯ್ ಬುಟ್ಟಿಲ್ವಾ?” ಅವ್ವ ಕಾಫಿ ತಂದಿಟ್ಟು ಕೇಳುತ್ತಿದ್ದಳು.

“ಒಸಿ ಕೆಟ್ಟೈತೆ ಕಣವ್ವ,” ಎಂದು ತಿರುಗದೆಯೇ ಹೇಳುತ್ತಿದ್ದೆ.

ನಿನ್ನೆ ಬೆಳಿಗ್ಗೆ ಅವಳು ಕಾಫಿ ನುಂಗುವಾಗ ಮುಖ ಕಿವುಚಿದ್ದು ಕಂಡಿತು. ಇನ್ನು ತಡೆಯಲಾಗಲಿಲ್ಲ. ಒಳಗಿದ್ದುದನ್ನೆಲ್ಲ ಬೇರೆ ಕಡೆ ಉಳಿಸಿಟ್ಟು ಸರ್ವರಿಗೆ ಹೊಸ ಭದ್ರತೆ ಕೂರಿಸಿದೆ. ಎರಡೂ ಮಾತಾಡಿದವು, ಮೇಲ್‌ಗಳು ದಬದಬನೆ ಬಂದು ಬಿದ್ದವು. ರಿಪೋರ್ಟ್ ಒತ್ತಿದೆ. ಕ್ಯಾನ್ಸರ್ ಅಲ್ಲ.

“ಅವ್ವಾ, ಏನೂ ಇಲ್ವಂತೆ! ಬರೀ ಗಂಟಂತೆ!”

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಡ್ರಮ್ಮಿನ ಪಕ್ಕಕ್ಕೆ ನೋಡಿದಳು. “ಸರಿ ಹೋಯ್ತಾ? ಕಬ್ಬಾಳಮ್ಮಂಗೆ ಹರಕೆ ಹೊತ್ತಿದ್ದೆ ಕಣ್ಲಾ.”

“ನಿನ್ ಕುತ್ಗೆ ವಾಸಿಯಾಗ್ಲಿ ಅಂತಾನಾ?”

“ನಂದ್ಯಾಕ್ಲಾ? ಆ ಪೆಟ್ಗೆ ಸರಿಯಾಗ್ಲಿ ಅಂತ. ನೀನು ಊಟ ಬುಟ್ಟು ಕೂತಿದ್ಯಲ್ಲ.”

ನನಗೆ ಅಳು ಬಂತು. ಭಾನುವಾರ ಕಬ್ಬಾಳಿಗೆ ಹೋಗುತ್ತಿದ್ದೇವೆ. ಸರ್ವರಿನ ಹೆಸರಿನಲ್ಲೇ ಅರ್ಚನೆಯಾಗಬೇಕಂತೆ; ಪೂಜಾರಪ್ಪ ಅದರ ನಕ್ಷತ್ರ ಕೇಳಿದರೆ ಏನು ಹೇಳಲಿ ಎಂಬುದೊಂದೇ ಈಗ ಉಳಿದಿರುವ ಭಯ.