ಮೇಣದ ಉರುಳೆಯ ಕೊನೆಯ ಸಾಲು

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ, ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ದಿಲ್ಲಿಗೆ ಮೆಟ್ರೊ ಬಂದಿತ್ತು, ಫರೀದಾಬಾದಿಗೆ ಇನ್ನೂ ಬಂದಿರಲಿಲ್ಲ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ಸ್ಟೆನೋ. ಮಾಲೀಕರಿಗೆ ಹಳೆಯ ಡಿಕ್ಟೇಶನ್ ಯಂತ್ರಗಳ ಹುಚ್ಚು. ಅವುಗಳ ಚರಿತ್ರೆ ಬರೆದುಕೊಡಿ ಎಂದು ನನ್ನನ್ನು ಉಗ್ರಾಣದಲ್ಲಿ ಕೂರಿಸಿದ್ದರು. ಎಲ್ಲಕ್ಕಿಂತ ಹಳೆಯದು ಮೇಣದ ಉರುಳೆಯದು. ಸಾಹೇಬರು ಕೊಳವೆಯೊಳಗೆ ಮಾತಾಡಿದರೆ ಮುಳ್ಳು ಮೇಣದ ಮೇಲೆ ಗೀರುತ್ತಿತ್ತು. ಟೈಪಿಸ್ಟ್ ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಅದನ್ನು ಕೇಳಿ ಬರೆಯುತ್ತಿದ್ದ. ಆಮೇಲೆ ಮೇಣವನ್ನು ಹೆರೆದು ನುಣುಪು ಮಾಡಿ ಮತ್ತೆ ಬಳಸುತ್ತಿದ್ದರು. ನನಗೆ ಸಿಕ್ಕಿದ್ದು ಹಾಗೆ ಹೆರೆದಿಟ್ಟಿದ್ದ, ಒಂದು ಗೀರೂ ಇಲ್ಲದ ಉರುಳೆ. ತಿರುಗುತ್ತದೋ ನೋಡೋಣವೆಂದು ನಳಿಗೆ ಕಿವಿಗಿಟ್ಟೆ.

ಬಡಿತ ಕೇಳಿಸಿತು. ಕಬ್ಬಿಣ ಮೂಳೆಗೆ ಬಿದ್ದ ಸದ್ದು. ನಡುವೆ ಒಡೆದ ದನಿಯಲ್ಲಿ ಕನ್ನಡ! ಸ್ಟೆನೋ ಕೈ ನೋಡಿ, ಕೇಳಿದ್ದನ್ನು ಮೊದಲು ಕನ್ನಡ ಅಕ್ಷರದಲ್ಲೇ ಹಾಳೆಗೆ ಬರೆದುಬಿಟ್ಟಿತು, ಅರ್ಥ ಆಮೇಲೆ.

ಊಟದ ಹೊತ್ತಿಗೆ ಸೆಕ್ಯೂರಿಟಿಯ ನಂಜಪ್ಪ ಬಂದರು. ಕೊಡಗಿನವರು, ಫೌಜಿನಿಂದ ನಿವೃತ್ತರಾದವರು. ಹಾಳೆ ತೆಗೆದು ಜೋರಾಗಿ ಓದಿದರು: "ರಾಯರೇ, ಬಾಗಿಲು ತೆಗೀರಿ. ಕೈ ಮುರಿದ್ರು. ಅಯ್ಯೋ, ಕಣ್ಣು ಹೋಯ್ತು. ಕೇಳಿಸ್ತಿದ್ರೂ ತೆಗೀಲಿಲ್ಲ ನೀವು."

"ಅಚ್ಛಾ! ಯಾವನೋ ಚೆನ್ನಾಗಿ ಏಟು ತಿಂದಿದಾನೆ. ನಿಮ್ಮಂಥ ರಾಯರೊಬ್ಬರು ಅಲ್ಲೂ ಇದ್ರಲ್ಲ!" ಎಂದು ನಕ್ಕು, ಚಹಾ ಲೋಟವನ್ನು ಆ ಹಾಳೆಯ ಮೇಲೆಯೇ ಇಟ್ಟರು.

ಮೂರು ಗಂಟೆಗೆ, ಕೆಲಸ ಕಳೆದುಕೊಂಡ ಒಬ್ಬ ಗುತ್ತಿಗೆದಾರನ ಗೂಂಡಾಗಳು ಸರಳು ಹಿಡಿದು ಗೇಟು ಮುರಿದು ನುಗ್ಗಿದರು. ನನಗೆ ತಿಳಿಯಲಿಲ್ಲ. ಗದ್ದಲ ಬೇಡವೆಂದು ಒಳಗಿನಿಂದ ಚಿಲಕ ಹಾಕಿ ಮತ್ತೆ ನಳಿಗೆ ಕಿವಿಗಿಟ್ಟಿದ್ದೆ. ಅದೇ ಬಡಿತ, ಅದೇ ಮಾತು. ಯಂತ್ರವೇ ಎಂದುಕೊಂಡು, ಹಾಳೆಯ ಮೇಲೆ ಬೆರಳಿಟ್ಟು ಪದಪದವನ್ನೂ ತಾಳೆ ನೋಡುತ್ತಾ ಕುಳಿತೆ. "ಕಣ್ಣು ಹೋಯ್ತು" ಎನ್ನುವಲ್ಲಿ ದನಿ ನಿಂತಿತು. ತಲೆಯೆತ್ತಿದರೆ ಬಾಗಿಲ ಸಂದಿಯಿಂದ ರಕ್ತ ಒಳಗೆ ಹರಿಯುತ್ತಿತ್ತು.

ನಂಜಪ್ಪ ಬದುಕಿದರು. ಮುರಿದ ಕೈ ಕೂಡಿತು, ಎಡಗಣ್ಣು ಹೋಯಿತು. ಬಾಗಿಲಾಚೆಯ ಕೂಗನ್ನು ನಾನು ಯಂತ್ರದ್ದೆಂದುಕೊಂಡೆ ಎಂದರು ಎಲ್ಲರೂ. ಮೂರು ಗಂಟೆಯ ಮಟ್ಟಿಗೆ ಅದು ನಿಜವೇ. ಆದರೆ ಹಾಳೆಯ ಮೇಲೆ ಚಹಾ ಲೋಟದ ಉಂಗುರವಿದೆಯಲ್ಲ, ಅದು ಊಟದ ಹೊತ್ತಿನದು.

ಹಾಳೆಯ ಕೊನೆಯ ಸಾಲನ್ನು, "ಕೇಳಿಸ್ತಿದ್ರೂ ತೆಗೀಲಿಲ್ಲ ನೀವು" ಎಂಬುದನ್ನು, ಅವರು ಅಂದು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಭಾನುವಾರಗಳಂದು ಮಡಿಕೇರಿಯಿಂದ ಫೋನ್ ಮಾಡುತ್ತಾರೆ. "ರಾಯರೇ..." ಎಂದು ಕರೆದು ಒಂದು ಗಳಿಗೆ ಸುಮ್ಮನಾಗುತ್ತಾರೆ. ನಾನು ಉಸಿರು ಹಿಡಿದು ಕಾಯುತ್ತೇನೆ.